ಹಂಗಳದ ಆನೆ ರೇಡಿಯೋ

ನಮ್ಮ ಸ್ಟುಡಿಯೋದ ಗೋಡೆಗೆ ಅಂಟಿಸಿದ್ದ ಜಿಲ್ಲೆಯ ನಕ್ಷೆಯಲ್ಲಿ ಹಂಗಳವನ್ನು ವೃತ್ತದ ಒಳಕ್ಕೆ ಸೇರಿಸಿದವಳು ನಾನೇ. ಮಗನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತಂದು, ಅದರ ಮುಳ್ಳನ್ನು ಚಾಮರಾಜನಗರದ ಮೇಲೆ ಊರಿ, ಪೆನ್ಸಿಲ್ಲಿನ ಕಾಲನ್ನು ಹಂಗಳದ ಆಚೆಗೆ ಚಾಚಿ ಒಂದು ಸುತ್ತು ಸುತ್ತಿಸಿದ್ದೆ. ಆ ಒಂದು ಸುತ್ತಿಗೆ ಗುಂಡ್ಲುಪೇಟೆ ಬಂತು, ನಂಜನಗೂಡು ಬಂತು, ತಮಿಳುನಾಡಿನ ತಾಳವಾಡಿಯೂ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ವ್ಯಾಪ್ತಿ’ ಎಂದು ಬರೆದೆ. ಯಾರೂ ಪ್ರಶ್ನೆ ಮಾಡಲಿಲ್ಲ. ಆಮೇಲೆ ಬಂದ ಪ್ರತಿ ವರದಿಯಲ್ಲೂ, ಪ್ರತಿ ಅರ್ಜಿಯಲ್ಲೂ ಆ ವೃತ್ತ ಹಾಗೇ ಅಚ್ಚಾಗುತ್ತಾ ಹೋಯಿತು.

ಹಂಗಳವನ್ನೇ ಯಾಕೆ ಹಿಡಿದೆ ಅಂದರೆ, ರೇಡಿಯೋ ಶುರುವಾದ ಎರಡನೇ ವಾರ ಅಲ್ಲಿಂದ ಒಂದು ಫೋನ್ ಬಂದಿತ್ತು. ಮಾತಾಡಿದವನು ಜೀಪ್ ಡ್ರೈವರ್. ತಾನು ಹಂಗಳದವನು, ನಿಮ್ಮದು ಗಾಜಿನಂಗೆ ಕೇಳುತ್ತಾ ಇದೆ ಎಂದಿದ್ದ. ಅವನ ಹೆಸರು, ಊರು, ನಂಬರನ್ನು ಕೇಳುಗರ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅವತ್ತು ಎಲ್ಲರೂ ಬೋಂಡ ತರಿಸಿಕೊಂಡು ತಿಂದೆವು. ಐವತ್ತು ವ್ಯಾಟಿನ ಟ್ರಾನ್ಸ್‌ಮಿಟರು ಅಷ್ಟು ದೂರ ಹೋಗುವುದು ಕಷ್ಟ ಎಂದು ನಮ್ಮ ತಂತ್ರಜ್ಞ ಒಮ್ಮೆ ಗೊಣಗಿದ. ಬೋಂಡ ಕೈಗೆ ಬಂದ ಮೇಲೆ ಸುಮ್ಮನಾದ.

ನಮ್ಮದು ದೊಡ್ಡ ರೇಡಿಯೋ ಏನಲ್ಲ. ಒಂದು ಸೇವಾ ಸಂಸ್ಥೆಯ ತರಬೇತಿ ಕೇಂದ್ರದ ಮಹಡಿಯ ಮೇಲೆ ಎರಡು ಕೋಣೆ, ಗೋಡೆಗೆ ಮೊಟ್ಟೆಯ ಟ್ರೇ, ನೆಲಕ್ಕೆ ಹಳೆಯ ಜಮಖಾನ, ಹೊರಗೆ ಒಂದು ಕಬ್ಬಿಣದ ಕಂಬ. ಮೊದಲ ವರ್ಷ ಮೇಲಿನ ಸಿಮೆಂಟ್ ತೊಟ್ಟಿಗೆ ನೀರು ಬೀಳುವ ಸದ್ದೂ ಪ್ರಸಾರವಾಗುತ್ತಿತ್ತು. ರಾಜಕೀಯ ಸುದ್ದಿ ಹೇಳಲು ನಮಗೆ ಪರವಾನಗಿ ಇಲ್ಲ. ಇದ್ದಿದ್ದರೂ ನನಗೆ ಆಸೆ ಇರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದದ್ದು ‘ಊರ ಸುದ್ದಿ’. ಯಾವ ಲೈನಿನಲ್ಲಿ ನಾಳೆ ಕರೆಂಟ್ ಇಲ್ಲ, ದನದ ಡಾಕ್ಟರು ಯಾವ ಊರಿಗೆ ಬರುತ್ತಾರೆ, ಯಾವ ಬಸ್ಸು ನಿಂತಿತು, ಯಾರ ಹಸು ಕಳೆದಿದೆ, ಇಂಥವು. ಹರದನಹಳ್ಳಿಯವರು ಕಳೆದ ಹಸು ಸಿಕ್ಕಿತು ಅಂತ ಫೋನ್ ಮಾಡುತ್ತಿದ್ದರು. ಕುದೇರು ನನ್ನ ತವರು. ಅಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಓದುವಾಗ ಒಂದು ಪದ ತಡವರಿಸಿದರೂ ನಮ್ಮಣ್ಣ ಫೋನ್ ಮಾಡಿ ಆಡಿಕೊಂಡು ನಗುತ್ತಿದ್ದ.

ಹೀಗಿರುವಾಗ ಅರಣ್ಯದ ಅಧಿಕಾರಿಯೊಬ್ಬರು ಒಂದು ದಿನ ನಮ್ಮ ಸಂಚಾಲಕರನ್ನು ನೋಡಲು ಬಂದರು. ಕಾಡಂಚಿನ ಹೊಲಗಳಿಗೆ ಆನೆ ಬರುವುದು ಹೆಚ್ಚಾಗಿದೆ. ಕಾಡು ಕಾಯುವ ನಮ್ಮ ವಾಚರುಗಳಿಗೆ ಗೊತ್ತಾಗುತ್ತದೆ, ಜನಕ್ಕೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಮೊಬೈಲಿಗೆ ಮೆಸೇಜು ಕಳಿಸಿದರೆ ಓದುವವರು ಕಡಿಮೆ. ನಿಮ್ಮ ರೇಡಿಯೋ ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ಕೇಳಿದರು. ಸಂಚಾಲಕರು ಎದ್ದು ಹೋಗಿ ನಕ್ಷೆಯ ಮೇಲೆ ಬೆರಳಿಟ್ಟು ಹಂಗಳ ತೋರಿಸಿದರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಆ ಕ್ಷಣ ನನಗೆ ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಅಷ್ಟು ವರ್ಷ ನೋಡಿ ನೋಡಿ ಆ ವೃತ್ತವನ್ನು ನಾನೇ ನಂಬಿಬಿಟ್ಟಿದ್ದೆ.

ಒಂದು ತಿಂಗಳಲ್ಲಿ ಏರ್ಪಾಡು ಆಯಿತು. ಅಂಗೈಯಗಲದ ಬ್ಯಾಟರಿ ರೇಡಿಯೋಗಳನ್ನು ಅರಣ್ಯದವರು ಕಾಡಂಚಿನ ಮನೆಗಳಿಗೆ ಹಂಚುವುದು. ಚಾಮರಾಜನಗರದ ಕಡೆಗೆ ಒಂದಿಷ್ಟು, ಹಂಗಳದ ಕಡೆಗೆ ಒಂದಿಷ್ಟು. ಮುಳ್ಳು ಬೇರೆ ಕಡೆ ಸರಿಯದಿರಲಿ ಎಂದು ನಮ್ಮ ತಂತ್ರಜ್ಞ ಪ್ರತಿ ರೇಡಿಯೋದ ಡಯಲ್ಲಿನ ಮೇಲೆ ನಮ್ಮ ಸ್ಟೇಷನ್ನಿನ ಜಾಗಕ್ಕೆ ಕೆಂಪು ನೈಲ್ ಪಾಲಿಷಿನಲ್ಲಿ ಒಂದು ಗೆರೆ ಎಳೆದ. ಜೊತೆಗೆ ಕೊಡುವ ಚೀಟಿಯನ್ನು ಬರೆದವಳು ನಾನು. ಎರಡೇ ಸಾಲು. ‘ಮುಳ್ಳನ್ನು ಕೆಂಪು ಗೆರೆಯಿಂದ ಕದಲಿಸಬೇಡಿ. ಆನೆ ಹೊರಗೆ ಬಂದಿದ್ದರೆ ರೇಡಿಯೋ ಹೇಳುತ್ತದೆ.’ ಚಿಕ್ಕದಾಗಿ, ಚೊಕ್ಕವಾಗಿ ಬರೆದಿದ್ದೇನೆ ಎಂದು ಬೀಗಿದ್ದೆ.

ಪರೀಕ್ಷೆ ಮಾಡಿದ್ದು ಹರದನಹಳ್ಳಿಯಲ್ಲಿ. ಬೈಕಿನಲ್ಲಿ ಹತ್ತೇ ನಿಮಿಷದ ದಾರಿ. ಅಲ್ಲಿ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಹಂಗಳಕ್ಕೆ ಹೋಗಿ ನೋಡೋಣ ಎಂದು ನಮ್ಮಲ್ಲಿ ಯಾರಾದರೂ ಅಂದಿದ್ದರಾ ಎಂದು ಈಗ ನೆನಪಿಸಿಕೊಳ್ಳಲು ನೋಡುತ್ತೇನೆ. ಅಂದಿಲ್ಲ. ರಿಜಿಸ್ಟರಿನಲ್ಲಿ ಕೆಂಪು ಶಾಯಿ ಇತ್ತಲ್ಲ.

ಕೆಲಸದ ಕ್ರಮವನ್ನು ಮಾತ್ರ ನಾನು ಬಹಳ ಕಟ್ಟುನಿಟ್ಟಾಗಿ ಮಾಡಿದ್ದೆ. ವಾಚರುಗಳ ಮಾಹಿತಿ ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ಫೋನಿನಲ್ಲಿ ಬರುತ್ತದೆ. ಎಷ್ಟು ಆನೆ, ಮರಿ ಇದೆಯೇ, ಯಾವ ಕಡೆ ಮುಖ ಮಾಡಿವೆ ಎಂದು ರಿಜಿಸ್ಟರಿನಲ್ಲಿ ಬರೆದು, ಅದೇ ನಂಬರಿಗೆ ತಿರುಗಿ ಫೋನ್ ಮಾಡಿ ಓದಿ ಹೇಳಿ, ಹೌದು ಅನ್ನಿಸಿಕೊಳ್ಳಬೇಕು. ಇಲಾಖೆಯ ಲೆಕ್ಕದ ಜಾಗದ ಹೆಸರುಗಳು ಯಾರಿಗೂ ಅರ್ಥವಾಗುವುದಿಲ್ಲ. ಅವನ್ನು ಕೆರೆ ಏರಿ, ಹುಣಸೆಮರದ ತಿರುವು, ಹಳೇ ಪಂಪ್‌ಹೌಸು ಎಂದು ಊರಿನವರ ಬಾಯಿಯ ಹೆಸರಿಗೆ ಬದಲಿಸಬೇಕು. ಐದೂವರೆಗೆ ಎರಡು ಸಲ ಓದಬೇಕು. ಆನೆ ಇಲ್ಲದ ಕಡೆಯ ಬಗ್ಗೆ ಏನೂ ಹೇಳಬಾರದು. ಇದು ನನ್ನ ಹಳೆಯ ಹಟ. ಇಲ್ಲದ್ದನ್ನು ಸುದ್ದಿ ಮಾಡಬೇಡಿ ಎಂದು ಹೊಸದಾಗಿ ಓದಲು ಬಂದವರಿಗೆಲ್ಲ ಗದರುತ್ತಿದ್ದೆ.

ಮೊದಲ ಎರಡು ವಾರ ಫೋನುಗಳು ಬಂದವು. ಚೆನ್ನಾಗಿ ಓದಿದಿರಿ ಎಂದರು, ನಮ್ಮೂರ ಕೆರೆಯ ಹೆಸರು ತಪ್ಪು ಹೇಳಿದಿರಿ ಎಂದು ಬೈದರು. ಎಲ್ಲವೂ ಚಾಮರಾಜನಗರದ ಕಡೆಯವು. ಹಂಗಳದ ಕಡೆಯಿಂದ ಒಂದೂ ಇಲ್ಲ. ಹೆಚ್ಚು ಆನೆ ಸುದ್ದಿ ಓದುತ್ತಿದ್ದದ್ದೇ ಆ ಕಡೆಯದು. ತಂತ್ರಜ್ಞನನ್ನು ಕೇಳಿದರೆ, ಕಂಪ್ಲೇಂಟ್ ಇಲ್ಲ ಅಂದರೆ ಚೆನ್ನಾಗಿ ಕೇಳುತ್ತಿದೆ ಅಂತ ಅರ್ಥ ಮೇಡಂ ಎಂದ. ನಮ್ಮ ಜನ ನನಗೆ ಗೊತ್ತು. ಚೆನ್ನಾಗಿದ್ದರೂ ದೂರು ಹೇಳುವವರು. ಎರಡು ವಾರ ಯಾರೂ ಬೈಯಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೊರೆಯತೊಡಗಿತು.

ಒಂದು ಮಧ್ಯಾಹ್ನ ಹಂಚಿ ಉಳಿದಿದ್ದ ಒಂದು ರೇಡಿಯೋವನ್ನು ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ಕಿವಿಗೆ ಹಿಡಿದುಕೊಂಡೆ. ಕಂಡಕ್ಟರು ನೋಡಿ, ಕ್ರಿಕೆಟ್ಟಾ ಅಕ್ಕ ಎಂದು ಕೇಳಿದ. ಅಲ್ಲಪ್ಪ, ಡ್ಯೂಟಿ ಎಂದೆ. ಮಡಿಲಲ್ಲಿ ಒಂದು ನೋಟುಬುಕ್ಕು. ಪ್ರತಿ ನಿಲುಗಡೆಯಲ್ಲೂ ಬರೆಯುತ್ತಾ ಹೋದೆ. ಮೊದಲ ನಾಲ್ಕು ನಿಲುಗಡೆ, ಚೆನ್ನಾಗಿದೆ. ಐದನೆಯದು, ಹಾಡು ಚೆನ್ನಾಗಿದೆ, ಮಾತು ಒಡೆಯುತ್ತದೆ. ತೆರಕಣಾಂಬಿ ಬರುವ ಹೊತ್ತಿಗೆ ಬಸ್ಸು ದಿಣ್ಣೆ ಹತ್ತಿದರೆ ಬರುತ್ತದೆ, ಇಳಿದರೆ ಹೋಗುತ್ತದೆ. ಆಮೇಲೆ ಗೊರಗೊರ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬೇರೆ ಕಡೆ ನಿಂತು ನೋಡಿದೆ, ಆ್ಯಂಟೆನಾ ಎಳೆದು ತಿರುಗಿಸಿದೆ. ಎಲ್ಲಿಂದಲೋ ಒಂದು ಮಲಯಾಳಂ ಹಾಡಿನ ತುಣುಕು ಬಂದು ಹೋಯಿತು. ನಮ್ಮದು ಇಲ್ಲ. ಹಂಗಳಕ್ಕೆ ಇನ್ನೊಂದು ಬಸ್ಸು ಹಿಡಿದೆ.

ಹಂಗಳದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ನಂಬರು. ಕೆಂಪು ಶಾಯಿಯ ಜೀಪ್ ಡ್ರೈವರ್. ಈಗ ಅವನು ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಟೀ ಅಂಗಡಿ ಇಟ್ಟಿದ್ದ. ನಾನು ಯಾರೆಂದು ಹೇಳಿದ ಮೇಲೆ ಸ್ಟೂಲು ಒರೆಸಿ ಕೂರಿಸಿ, ಕಾಸು ಬೇಡ ಎಂದು ಟೀ ಕೊಟ್ಟ. ಅವತ್ತು ನಮ್ಮ ರೇಡಿಯೋ ಈ ಊರಿನಲ್ಲಿ ಎಲ್ಲಿ ಕೂತು ಕೇಳಿದೆಯಪ್ಪ ಎಂದು ಕೇಳಿದೆ.

“ಊರಲ್ಲೆಲ್ಲಿ ಕೇಳ್ತದೆ ಅಕ್ಕ,” ಎಂದ. “ನಾನು ಆಗ ಗೋಪಾಲಸ್ವಾಮಿ ಬೆಟ್ಟಕ್ಕೆ ಜೀಪ್ ಒಡೀತಿದ್ನಲ್ಲ. ಮೇಲ್ಗಡೆ ತಿರುವಲ್ಲಿ ಗಾಡಿ ನಿಲ್ಸಿದ್ರೆ ಗಾಜಿನಂಗೆ ಕೇಳದು. ಇಳುದ್ರೆ ಇಲ್ಲ.”

ಟೀ ಗ್ಲಾಸನ್ನು ಅವನ ಬೆಂಚಿನ ಮೇಲೆ ಇಟ್ಟುಬಿಟ್ಟೆ. ಎಫ್‌ಎಂ ಅಲೆ ಕಣ್ಣಿಗೆ ಕಂಡಷ್ಟು ದೂರ ನೇರವಾಗಿ ಹೋಗುತ್ತದೆ, ನೆಲದ ತಗ್ಗಿಗೆ ಬಗ್ಗುವುದಿಲ್ಲ. ಬೆಟ್ಟದ ನೆತ್ತಿಗೆ ನಮ್ಮ ಕಂಬ ಕಾಣುತ್ತದೆ, ಬುಡದ ಊರಿಗೆ ಕಾಣುವುದಿಲ್ಲ. ತರಬೇತಿಯ ಮೊದಲ ದಿನ ಕಲಿಸಿದ ಪಾಠ ಇದು. ಅವನು ಹಂಗಳದೋನು ಅಂದಿದ್ದ. ಹಂಗಳದಲ್ಲಿ ಕೂತಿದ್ದೀನಿ ಅಂದಿರಲಿಲ್ಲ. ಎಲ್ಲಿದ್ದೀಯಪ್ಪ ಎಂದು ಅವತ್ತು ನಾನು ಒಂದು ಪ್ರಶ್ನೆ ಕೇಳಬಹುದಿತ್ತು. ಕಳೆದ ಹಸುವಿನ ಬಗ್ಗೆ ಫೋನ್ ಬಂದರೆ ಅದರ ಕೊಂಬು ಯಾವ ಕಡೆ ಬಾಗಿದೆ ಅಂತ ಕೇಳುವವಳು ನಾನು. ನನ್ನ ಮೇಲೆ ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

ರೇಡಿಯೋ ಸಿಕ್ಕಿದ ಮನೆ ಯಾವುದು ಎಂದು ಕೇಳಿದೆ. ಊರ ಕೊನೆಯಲ್ಲಿ ಒಂದು ಮನೆ ತೋರಿಸಿದ. ಸಂಜೆ ಐದೂವರೆ ದಾಟಿತ್ತು. ಆ ಮನೆಯ ಹೆಂಗಸು ಜಗಲಿಯಲ್ಲಿ ಕೂತು ಚೆಂಡುಹೂವಿನ ಕುಕ್ಕೆಗೆ ಗೋಣಿ ಹೊಲಿಯುತ್ತಿದ್ದಳು. ಮೂವತ್ತರ ಆಸುಪಾಸಿನವಳು. ದಿನಾ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಾಳೆ, ಗಂಡ ಅವರದೇ ಒಂದೂವರೆ ಎಕರೆ ನೋಡಿಕೊಳ್ಳುತ್ತಾನೆ ಎಂದು ಆಮೇಲೆ ತಿಳಿಯಿತು. ಕಿಟಕಿಯ ಸರಳಿಗೆ ದಾರ ಕಟ್ಟಿ ರೇಡಿಯೋ ನೇತುಹಾಕಿದ್ದರು. ಮುಳ್ಳು ಕೆಂಪು ಗೆರೆಯ ಮೇಲೆ ಕೂದಲೆಳೆಯಷ್ಟೂ ಕದಲದೆ ನಿಂತಿತ್ತು. ಅದರಿಂದ ಒಂದೇ ಸಮ ಗೊರಗೊರ ಸದ್ದು ಬರುತ್ತಿತ್ತು.

ಇದು ಹೀಗೇನಾ ಯಾವಾಗಲೂ ಎಂದು ಕೇಳಿದೆ.

“ಊ ಕಣಕ್ಕ. ಕೊಟ್ಟಾಗಿಂದ ಇಂಗೇ. ಇದು ಆನೆ ರೇಡಿಯೋ ಅಲ್ವಾ,” ಎಂದಳು. ಸೂಜಿ ನಿಲ್ಲಿಸಲಿಲ್ಲ. “ಆನೆ ಬಂದ್ರೆ ಮಾತಾಡ್ತದೆ. ಇಲ್ಲಾಂದ್ರೆ ಗೊರಗೊರ ಅಂತದೆ. ದೇವರ ದಯ, ನಮ್ ಕಡೆ ಇನ್ನೂ ಒಂದ್ ದಿನಾನೂ ಮಾತಾಡಿಲ್ಲ.”

ಆ ಎರಡು ವಾರಗಳಲ್ಲಿ ಹಂಗಳದ ಸುತ್ತಿನ ಆನೆ ಸುದ್ದಿಯನ್ನು ನಾನೇ ಎಷ್ಟು ಸಲ ಓದಿದ್ದೆ. ಇವರು ಆ ಗೊರಗೊರವನ್ನೇ ಆನೆ ಇಲ್ಲ ಎನ್ನುವ ಸುದ್ದಿ ಎಂದು ತಿಳಿದು ಬೆಳಿಗ್ಗೆ ಸಂಜೆ ಹೊಲಕ್ಕೆ ಹೋಗಿ ಬರುತ್ತಿದ್ದಾರೆ. ತಪ್ಪಾಗಿ ತಿಳಿದರು ಅಂತ ಹೇಗೆ ಹೇಳಲಿ. ನಾನು ಬರೆದ ಚೀಟಿಯನ್ನು ಅವರು ಅಕ್ಷರಕ್ಕೆ ಅಕ್ಷರ ನಡೆಸಿದ್ದರು. ಆನೆ ಬಂದರೆ ಹೇಳುತ್ತದೆ. ಹೇಳಲಿಲ್ಲ, ಅಂದರೆ ಬಂದಿಲ್ಲ.

ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದೆ. ಆರು ಗಂಟೆಗೆ ಮೋಟರಿಗೆ ತ್ರೀ ಫೇಸ್ ಕರೆಂಟ್ ಬರುತ್ತದೆ, ಅರಿಶಿನಕ್ಕೆ ನೀರು ತಿರುಗಿಸಲು ಕೆರೆಯ ಹಿಂದಿನ ಹೊಲಕ್ಕೆ ಹೋಗಿದ್ದಾರೆ ಎಂದಳು. ಫೋನ್ ತೆಗೆದು ಸ್ಟುಡಿಯೋಗೆ ಹಚ್ಚಿದೆ. ಅವತ್ತು ಓದುವ ಪಾಳಿಯ ಹುಡುಗಿ ಎತ್ತಿದಳು. ಹಂಗಳದ್ದು ಏನು ಓದಿದೆ ಎಂದೆ. ಅವಳು ರಿಜಿಸ್ಟರ್ ನೋಡಿ ಹೇಳಿದಳು. ಕೆರೆಯ ಹಿಂದಿನ ಬಾಳೆ ತೋಟದ ಕಡೆ ಆರು ಆನೆ, ಒಂದು ಮರಿ.

ಹೆಂಗಸಿಗೆ ಹೇಳಿದೆ. ಗೋಣಿ, ಸೂಜಿ ಎಲ್ಲ ಬಿಟ್ಟು ಒಳಗೆ ಓಡಿ ಗಂಡನಿಗೆ ಫೋನ್ ಮಾಡಿದಳು. ಅವನ ಫೋನು ಒಳಗಿನ ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದು, ಅಲ್ಲೇ ಹಾಡತೊಡಗಿತು. ಹೊಲಕ್ಕೆ ಓಡಲು ಹೊರಟವಳ ಕೈ ಹಿಡಿದು ನಿಲ್ಲಿಸಿದೆ. ಊರಲ್ಲಿ ಮೈಕು ಎಲ್ಲಿದೆ ಎಂದು ಕೇಳಿದೆ. ಡೈರಿಯಲ್ಲಿ ಎಂದಳು.

ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಕ್ಯಾನು ಹಿಡಿದ ಜನ ಸಾಲುಗಟ್ಟಿದ್ದರು. ದನದ ಡಾಕ್ಟರು ಬಂದರೆ ಕೂಗಿ ಹೇಳಲು ಛಾವಣಿಯ ಮೇಲೆ ಒಂದು ಹಾರ್ನ್ ಸ್ಪೀಕರು ಹಾಕಿಸಿದ್ದರು. ಡೈರಿಯ ಕಾರ್ಯದರ್ಶಿಗೆ ಎರಡು ಮಾತಿನಲ್ಲಿ ವಿಷಯ ಹೇಳಿದೆ. ನಾನು ಯಾರು ಏನು ಎಂದು ಅವರು ವಿಚಾರಿಸಲಿಲ್ಲ, ಹಾಲು ಅಳೆಯುವುದು ಬಿಟ್ಟು ಮೈಕಿನ ಸ್ವಿಚ್ ಹಾಕಿದರು. ಕೆರೆಯ ಹಿಂದಿನ ಬಾಳೆ ತೋಟದ ಕಡೆ ಆರು ಆನೆ ಇವೆ, ಹೊಲದಲ್ಲಿರುವವರು ಈಗಲೇ ಊರ ಕಡೆ ಬನ್ನಿ ಎಂದು ಓದಿದೆ. ಮತ್ತೆ ಓದಿದೆ. ಆಮೇಲೆ ಆ ಹೆಂಗಸು ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡು ಗಂಡನ ಹೆಸರು ಹಿಡಿದು ಕೂಗಿದಳು. ನಮ್ಮ ಸ್ಟುಡಿಯೋದಲ್ಲಿ ಯಾರೂ ಹಾಗೆ ಸುದ್ದಿ ಓದಿಲ್ಲ.

ಕಾದೆವು. ಹಾಲಿನ ಸಾಲು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆರೆ ಏರಿಯ ಮೇಲಿಂದ ಮೂವರು ಗಂಡಸರು ಸರಸರನೆ ಬಂದರು. ಮೂರನೆಯವನು ಅವಳ ಗಂಡ. ಕಾಲಿನಲ್ಲಿ ಮೆಟ್ಟು ಇರಲಿಲ್ಲ, ಮೊಣಕಾಲಿನವರೆಗೆ ಕೆಸರು. ಅವಳು ಹತ್ತಿರ ಹೋಗಿ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿ, ಅಳತೊಡಗಿದಳು.

“ಬಾಳೆ ಮುರಿಯೋ ಸದ್ದು ಕೇಳ್ತಿತ್ತು,” ಎಂದ ಅವನು, ಯಾರಿಗೆಂದಿಲ್ಲದೆ. “ಪಕ್ಕದ ತೋಟದೋರು ಎಲೆ ಕುಯ್ತಾವ್ರೆ ಅನ್ಕಂಡು ಮೋಟ್ರು ಹತ್ರ ಕುಂತಿದ್ದೆ. ರೇಡಿಯೋ ಏನೂ ಅಂದಿರ್ನಿಲ್ವಲ್ಲ.”

ಡೈರಿಯ ಮುಂದೆಯೇ ನಿಂತು ಹೇಳಿದೆ. ಈ ಊರಿಗೆ ನಮ್ಮ ರೇಡಿಯೋ ಕೇಳಿಸುವುದಿಲ್ಲ. ಆ ಗೊರಗೊರಕ್ಕೆ ಏನೂ ಅರ್ಥವಿಲ್ಲ. ತಪ್ಪು ನನ್ನದು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಾರ್ಯದರ್ಶಿ ಮಾತ್ರ, ಇನ್ನೂ ಎಷ್ಟು ಊರಿಗೆ ಹಿಂಗೆ ಕೊಟ್ಟಿದ್ದೀರಿ ತಾಯಿ ಎಂದು ಕೇಳಿದರು. ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ, ಆ ಕಡೆ ರೇಡಿಯೋ ಹಂಚಿದ ಊರುಗಳ ಹೆಸರು ಹೇಳಿದೆ. ಅವರು ಅಲ್ಲಿ ನಿಂತಿದ್ದ ಒಬ್ಬೊಬ್ಬರಿಗೆ ಒಂದೊಂದು ಊರಿನ ನೆಂಟರಿಗೆ ಫೋನ್ ಮಾಡಲು ಹಚ್ಚಿದರು.

ಮಾರನೆಯ ದಿನ ಬೆಳಿಗ್ಗೆ ಸಂಚಾಲಕರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಈ ರೇಡಿಯೋಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು. ಗುಂಡ್ಲುಪೇಟೆಯಲ್ಲಿ ನಮ್ಮದೇ ಇನ್ನೊಂದು ರೇಡಿಯೋ ಕೇಂದ್ರ ಮಾಡಿಕೊಡುವ ಮಾತು ಅರಣ್ಯದವರ ಜೊತೆ ನಡೆಯುತ್ತಿತ್ತು. ಮುಂದಿನ ವಾರ ಅದರ ಸಭೆ.

“ಒಂದು ವಾರ ತಡೀರಿ,” ಎಂದರು. “ಈಗ ಇದನ್ನ ಹೇಳಿದ್ರೆ ಅದೂ ಹೋಗುತ್ತೆ, ಇದೂ ಹೋಗುತ್ತೆ. ಸಭೆ ಮುಗೀಲಿ, ನಾವೇ ಸರಿ ಮಾಡೋಣ.”

“ಆ ಒಂದು ವಾರ ಅವರು ಹೊಲಕ್ಕೆ ಹೋಗ್ತಾರಲ್ಲ ಸರ್,” ಎಂದೆ.

ಹಂಗಳದಲ್ಲಿ ಹೇಗೂ ಹೇಳಿ ಬಂದಿದ್ದೀರಲ್ಲ ಎಂದರು. ಹೇಳಿದ್ದು ಡೈರಿಗೆ ಬಂದವರಿಗೆ, ಫೋನ್ ಸಿಕ್ಕಿದವರಿಗೆ. ಬರದವರು, ಸಿಗದವರು ಇದ್ದರು. ಅರಣ್ಯದವರೂ ನಮ್ಮನ್ನು ನಂಬಿ ಬೇರೆ ದಾರಿ ಹುಡುಕದೆ ಕೂತಿದ್ದರು. ಗುಂಡ್ಲುಪೇಟೆಯ ಕೇಂದ್ರದ ಆಸೆ ನನಗೂ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅದರ ಸುದ್ದಿ ವಿಭಾಗ ನನಗೇ ಬರುವುದಿತ್ತು. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಅಧಿಕಾರಿಗೆ ನಾನೇ ಫೋನ್ ಮಾಡಿದೆ. ನಿಮಗೆ ತೋರಿಸಿದ ವ್ಯಾಪ್ತಿ ತಪ್ಪು, ಅದನ್ನು ಬರೆದವಳು ನಾನು, ತೆರಕಣಾಂಬಿಯ ಆಚೆ ಒಂದು ಊರಿಗೂ ನಮ್ಮನ್ನು ನೆಚ್ಚಬೇಡಿ ಎಂದೆ. ಅವರು, ಮೊದಲೇ ನೋಡಬಾರದಿತ್ತೇ ಎಂದರು. ನೋಡಬೇಕಿತ್ತು ಎಂದೆ. ಅವತ್ತೇ ಆ ಕಡೆಯ ಮನೆಮನೆಗೆ ವಾಚರುಗಳನ್ನು ಕಳಿಸುತ್ತೇನೆ ಎಂದರು, ಕಳಿಸಿದರು. ಎರಡನೇ ಕೇಂದ್ರದ ಮಾತು ಮತ್ತೆ ಬರಲಿಲ್ಲ. ಸಂಚಾಲಕರು ಒಂದು ತಿಂಗಳು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಆ ಸಂಜೆಯ ಊರ ಸುದ್ದಿಯಲ್ಲಿ ಮೊದಲ ಸುದ್ದಿಯಾಗಿ, ನಮ್ಮ ರೇಡಿಯೋ ಕೇಳಿಸದ ಊರುಗಳ ಪಟ್ಟಿ ಓದಿದೆ. ಗಾಜಿನ ಆಚೆ ತಂತ್ರಜ್ಞ ಕಣ್ಣರಳಿಸಿ ನೋಡುತ್ತಿದ್ದ. ಮುಗಿದ ಮೇಲೆ, ಕೇಳಿಸದ ಊರಿನವರಿಗೆ ಇದು ಹೇಗೆ ಕೇಳುತ್ತದೆ ಮೇಡಂ ಎಂದ. ಅವನು ಹೇಳಿದ್ದು ಸರಿಯೇ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಹೊರಟೆ. ನಾಲ್ಕು ದಿನ, ಬೆಳಿಗ್ಗೆ ಒಂದು ಊರು, ಸಂಜೆ ಒಂದು ಊರು, ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತು ಅದನ್ನೇ ಹೇಳಿದೆ.

ಕೊನೆಗೆ ಹಂಗಳದ ಡೈರಿಯಲ್ಲಿ ಒಂದು ಹೊಸ ಕ್ರಮ ಮಾಡಿಕೊಂಡೆವು. ವಾಚರುಗಳ ಮಾಹಿತಿ ಹೇಗೂ ನಮಗೆ ಬರುತ್ತಲೇ ಇತ್ತು, ಚಾಮರಾಜನಗರದ ಕಡೆಗೆ ಓದುತ್ತಲೇ ಇದ್ದೆವು. ದಿನಕ್ಕೆ ಎರಡು ಹೊತ್ತು, ಐದೂವರೆಯ ಸುದ್ದಿ ಮುಗಿದ ತಕ್ಷಣ ನಾನೋ ಪಾಳಿಯವರೋ ಕಾರ್ಯದರ್ಶಿಗೆ ಫೋನ್ ಮಾಡುವುದು. ಅವರು ಫೋನನ್ನು ಮೈಕಿಗೆ ಹಿಡಿಯುವುದು. ನಾವು ಓದುವುದು. ಸುತ್ತಲ ಮೂರು ಡೈರಿಗಳಿಗೂ ಅವರೇ ದಾಟಿಸುವುದು. ಇಷ್ಟಕ್ಕೆ ಸುಲಭವಾಗಿ ಒಪ್ಪಿದರು. ತಕರಾರು ಬಂದದ್ದು ನಾನು ಹೇಳಿದ ಕೊನೆಯ ಮಾತಿಗೆ. ಆನೆ ಇದ್ದರೂ ಓದುತ್ತೇವೆ, ಇಲ್ಲದಿದ್ದರೂ ಇಲ್ಲ ಎಂದು ಓದುತ್ತೇವೆ. ಯಾವತ್ತು ಏನೂ ಕೇಳಿಸಲಿಲ್ಲವೋ ಅವತ್ತು ಆನೆ ಇದೆ ಎಂದೇ ತಿಳಿಯಿರಿ, ಹೊಲಕ್ಕೆ ಹೋಗಬೇಡಿ. ನನ್ನ ಹಳೆಯ ಹಟವನ್ನು ಬುಡಮೇಲು ಮಾಡಿದ ನಿಯಮ ಅದು.

ಆ ಹೆಂಗಸಿನ ಗಂಡನೇ ಮೊದಲು ಎದ್ದು ನಿಂತ. “ನಿಮ್ ಫೋನ್ ಕೆಟ್ಟೋದ್ರೆ ನಾವು ಕರೆಂಟ್ ಕಳ್ಕಬೇಕಾ? ಅರಿಶ್ನ ಒಣಗ್ತದೆ,” ಎಂದ. ಅವನ ಮಾತಿನಲ್ಲಿ ನ್ಯಾಯ ಇತ್ತು. ತ್ರೀ ಫೇಸ್ ಕೊಡುವ ಹೊತ್ತು ನಮ್ಮ ಕೈಯಲ್ಲಿಲ್ಲ. ಅವನ ಹೆಂಡತಿ ಸಾಲಿನ ಹಿಂದಿನಿಂದ, “ಒಣಗ್ಲಿ ಬುಡು,” ಎಂದಳು. ಅಷ್ಟೇ. ಅವನು ಕೂತ.

ಆಮೇಲೆ ಕೆಲವು ತಿಂಗಳು ಎಲ್ಲ ಸರಾಗವಾಗಿ ನಡೆಯಿತು. ದಿನಾ ಎರಡು ಹೊತ್ತು ಅದೇ ಕೆಲಸ ಮಾಡುತ್ತಾ ಹೋದರೆ ಬೇಜಾರೂ ಬರುತ್ತದೆ. ಇವತ್ತು ಆನೆ ಇಲ್ಲ ಎಂದು ಎರಡು ಸಲ ಓದುವಾಗ ಪಾಳಿಯ ಹುಡುಗಿ ಮುಖ ಸಿಂಡರಿಸುತ್ತಿದ್ದಳು. ನಾನು ಗದರುತ್ತಿದ್ದೆ.

ಹೀಗೆ ಒಂದು ಬೆಳಿಗ್ಗೆ ಸುದ್ದಿ ಮುಗಿಸಿ ಫೋನ್ ಹಚ್ಚಿದರೆ ಹೋಗಲಿಲ್ಲ. ಕಾರ್ಯದರ್ಶಿಯ ಇನ್ನೊಂದು ನಂಬರು, ಟೀ ಅಂಗಡಿಯವನದು, ಯಾವುದೂ ಹೋಗಲಿಲ್ಲ. ಐದಕ್ಕೆ ವಾಚರು ಫೋನ್ ಮಾಡಿದ ಮೇಲೆ, ಎಲ್ಲಿಯೋ ರಾತ್ರಿಯಿಂದ ರಸ್ತೆ ಅಗೆಯುತ್ತಿದ್ದವರ ಕೈಗೆ ಕೇಬಲ್ ತುಂಡಾಗಿ ಆ ಸುತ್ತಿಗೇ ನೆಟ್‌ವರ್ಕ್ ಇಲ್ಲ ಎಂದು ಆಮೇಲೆ ಗೊತ್ತಾಯಿತು. ನನ್ನ ರಿಜಿಸ್ಟರಿನಲ್ಲಿ ಅವತ್ತಿನ ಬರಹ ಹೀಗಿತ್ತು. ಹಂಗಳ, ಕೆರೆಯ ಹಿಂದೆ, ಎಂಟು, ಮರಿ ಎರಡು, ಊರ ಕಡೆ ಮುಖ. ಅರಣ್ಯದ ಕಚೇರಿಗೆ ಫೋನ್ ಮಾಡಿದೆ. ಅವರು ಒಬ್ಬ ವಾಚರನ್ನು ಕಳಿಸುತ್ತೇವೆ ಎಂದರು, ಎಷ್ಟು ಹೊತ್ತಾಗುತ್ತದೋ ಹೇಳಲಿಲ್ಲ. ಆ ವಾರ ಕರೆಂಟ್ ಬರುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ. ಗಂಟೆ ಆರಾಗಲು ಹತ್ತು ನಿಮಿಷ ಇತ್ತು.

ತಂತ್ರಜ್ಞನ ಬೈಕಿನ ಹಿಂದೆ ಕೂತು ಹೊರಟೆ. ಹೋಗಿ ಮುಟ್ಟುವ ಹೊತ್ತಿಗೆ ಏನಾಗಬೇಕೋ ಅದು ಆಗಿರುತ್ತದೆ ಎಂದು ಗೊತ್ತಿತ್ತು. ಸ್ಟುಡಿಯೋದಲ್ಲಿ ಕೂರಲು ಮಾತ್ರ ಆಗಲಿಲ್ಲ. ಬೆಳಗಿನ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಹೆಂಗಸಿನ ಗಂಡನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು, ಅರಿಶ್ನ ಒಣಗ್ತದೆ. ಕೈಯಲ್ಲಿ ಫೋನು ಹಿಡಿದೇ ಕೂತಿದ್ದೆ. ಐದು ನಿಮಿಷಕ್ಕೊಮ್ಮೆ ಒತ್ತುತ್ತಿದ್ದೆ. ಗುಂಡ್ಲುಪೇಟೆ ಇನ್ನೂ ಸ್ವಲ್ಪ ದೂರ ಇರುವಾಗ ಅದೇ ಹೊಡೆದುಕೊಂಡಿತು. ಆ ಹೆಂಗಸಿನ ನಂಬರು.

ಬೈಕ್ ನಿಲ್ಲಿಸು ಎಂದು ತಂತ್ರಜ್ಞನ ಭುಜ ತಟ್ಟಿ ಇಳಿದೆ. ಎತ್ತಲು ಹೆದರಿಕೆ. ಎತ್ತಿದೆ.

“ಅಕ್ಕ, ಈಗ ನೆಟ್ವರ್ಕು ಬಂತು ನಮ್ಗೆ,” ಎಂದಳು. ಅವಳ ಹಿಂದೆ ಹಾಲಿನ ಕ್ಯಾನುಗಳ ಸದ್ದು, ಜನರ ಮಾತು ಕೇಳಿಸುತ್ತಿತ್ತು. “ಬೆಳಿಗ್ಗೆ ನಿಮ್ದು ಏನೂ ಕೇಳ್ನಿಲ್ಲ. ಅದ್ಕೆ ಯಾರೂ ವಲಕ್ಕೆ ಓಗಿಲ್ಲ. ಎಲ್ಲಾ ಇಲ್ಲೇ ಡೈರಿ ತಾವು ಕುಂತವ್ರೆ.”

ನಿಮ್ಮ ಯಜಮಾನರು ಎಂದೆ.

“ಅವ್ರೂ ಇಲ್ಲೇ ಅವ್ರೆ. ನಿಮ್ಮನ್ನೇ ಬೈತಾ ಕುಂತವ್ರೆ,” ಎಂದಳು. “ಯಾವ್ ಕಡೆ ಅವೆ ಅಕ್ಕ, ಯೋಳಿ, ಮೈಕಿಗೆ ಹಿಡೀತೀನಿ.”

ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತು, ಕಣ್ಣೊರೆಸಿಕೊಂಡು, ಕೆರೆಯ ಹಿಂದೆ ಎಂಟು ಎಂದು ಓದಿದೆ. ಆಮೇಲೆ ಇನ್ನೊಂದು ಸಲ ಓದಿದೆ.